ಹಿಮಾಯತ್‌ನಗರದ ಪಾರ್ಲರಿನಲ್ಲಿ ವಯಸ್ಸು ಕೇಳಲು ಕಲಿತದ್ದು

ಹುಬ್ಬು ತೆಗೆಯುವುದು, ಕೂದಲು ಕತ್ತರಿಸುವುದು, ಬಣ್ಣ ಕಲಸುವುದು ಇವನ್ನೆಲ್ಲ ಈಗ ಹೈದರಾಬಾದಿನ ದಿಲ್‌ಸುಖ್‌ನಗರದ ಯಾವ ಕೋಚಿಂಗ್ ಸೆಂಟರಿನಲ್ಲಾದರೂ ಕಲಿಸುತ್ತಾರೆ. ಕೊನೆಗೆ ಸರ್ಟಿಫಿಕೇಟನ್ನೂ ಕೊಡುತ್ತಾರೆ. ಕುರ್ಚಿಯಲ್ಲಿ ಕೂತ ಹೆಂಗಸಿನ ವಯಸ್ಸು ಕೇಳುವುದು ಹೇಗೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನಮ್ಮ ಪಕ್ಕದ ಮನೆಯ ಹುಡುಗಿ ಈಚೆಗೆ ಈ ಕೆಲಸಕ್ಕೆ ಸೇರಿದ್ದಾಳೆ. ಮೊದಲ ವಾರದಲ್ಲೇ ಒಬ್ಬ ಗಿರಾಕಿಯನ್ನು ವಯಸ್ಸು ಕೇಳಿ ಬೈಸಿಕೊಂಡು ಮನೆಗೆ ಬಂದಳು. "ಆಂಟಿ, ನೀವು ಹ್ಯಾಂಗ ಕೇಳ್ತಿದ್ರಿ?" ಅಂದಳು. ಅವಳಿಗೆ ಹೇಳಲು ಹೊರಟದ್ದು ಒಂದು ಸಂಜೆಗೆ ಮುಗಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸುವರ್ಣಾ, ಕಲಬುರ್ಗಿಯ ಕಡೆಯವಳು. ನನ್ನ ಗಂಡನಿಗೆ ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ನೌಕರಿ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ಮಗಳು ಶಾಲೆಗೆ ಹೋಗತೊಡಗಿದ ವರ್ಷ, ಹಿಮಾಯತ್‌ನಗರದ ಮುಖ್ಯ ರಸ್ತೆಯ ಒಂದು ಮಹಡಿಯಲ್ಲಿದ್ದ ಚೀನೀ ಪಾರ್ಲರಿಗೆ ಕೆಲಸಕ್ಕೆ ಸೇರಿದೆ. "ಮಂದಿ ತಲಿ ಮುಟ್ಟೂ ಕೆಲಸ ನಮ್ಮ ಮನ್ಯಾಗ ಯಾರು ಮಾಡ್ಯಾರ?" ಎಂದು ಅತ್ತೆ ಮುಖ ತಿರುವಿದರು. ಅವರ ಗದ್ದದ ಮೇಲೆ ನಾಲ್ಕು ಗಟ್ಟಿ ಕೂದಲು ಬೆಳೆಯುತ್ತಿದ್ದವು. ಒಂದು ಭಾನುವಾರ ಅವನ್ನು ದಾರದಿಂದ ತೆಗೆದುಕೊಟ್ಟೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಪಾರ್ಲರಿನ ಒಡತಿಯನ್ನು ಎಲ್ಲರೂ ಮೇ ಆಂಟಿ ಎನ್ನುತ್ತಿದ್ದರು. ಅವರ ಅಜ್ಜ ಚೀನಾದ ಕ್ಯಾಂಟನ್ ಕಡೆಯಿಂದ ಕಲ್ಕತ್ತೆಗೆ ಬಂದ ಬಡಗಿ. ಅಪ್ಪ ಅಲ್ಲಿಂದ ಹೈದರಾಬಾದಿಗೆ ಬಂದವರು. ಮೇ ಆಂಟಿ ಹುಟ್ಟಿ ಬೆಳೆದದ್ದು ಇಲ್ಲೇ. ಕಣ್ಣು ಮುಚ್ಚಿಕೊಂಡು ಕೇಳಿದರೆ ಅವರ ಮಾತು ಅಪ್ಪಟ ಹೈದರಾಬಾದಿ. 'ಹೌ' ಅಂದರೆ ಹೌದು, 'ನಕ್ಕೋ' ಅಂದರೆ ಬೇಡ. ಆದರೆ ತಮ್ಮ ತಾಯಿಯ ಜೊತೆ ಮಾತ್ರ ಅವರು ಕ್ಯಾಂಟನೀಸ್ ಭಾಷೆಯನ್ನೇ ಆಡುತ್ತಿದ್ದರು. ತಾಯಿಯನ್ನು ನಾವು ಪೊಪೊ ಎನ್ನುತ್ತಿದ್ದೆವು. ಅವರ ಭಾಷೆಯಲ್ಲಿ ಅದು ಅಜ್ಜಿ ಎಂದು. ಪೊಪೊ ಗಲ್ಲಾದ ಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತು ದಿನವಿಡೀ ಬಂದವರ ಮುಖ ನೋಡುತ್ತಿದ್ದರು.

ಈ ಕೆಲಸದಲ್ಲಿ ವಯಸ್ಸು ಯಾಕೆ ಬೇಕು ಎಂದು ಹೊಸಬರಿಗೆ ತಿಳಿಯುವುದಿಲ್ಲ. ಮುಖಕ್ಕೆ ಬ್ಲೀಚ್ ಹಾಕುವಾಗ ಬೇಕು. ಐವತ್ತು ದಾಟಿದ ಚರ್ಮ ತೆಳ್ಳಗಾಗಿರುತ್ತದೆ, ಮೂವತ್ತರ ಮುಖಕ್ಕೆ ಕಲಸಿದ ಹಾಗೆ ಕಲಸಿದರೆ ಸುಡುತ್ತದೆ. ತಲೆಗೆ ಬಣ್ಣ ಹಾಕುವಾಗ ಬೇಕು. ಅರವತ್ತರವರಿಗೆ ಕಡುಗಪ್ಪು ಹಚ್ಚಿದರೆ ಮುಖದ ಸುಕ್ಕೆಲ್ಲ ಎದ್ದು ಕಾಣುತ್ತದೆ. ಆದರೆ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಹತ್ತು ವರ್ಷ ಕಡಿಮೆ ಹೇಳಿದ ಒಬ್ಬರ ಕೆನ್ನೆ ನನ್ನ ಕಣ್ಣೆದುರೇ ಟೊಮ್ಯಾಟೊ ಹಣ್ಣಿನಂತೆ ಕೆಂಪಾದದ್ದನ್ನು ನೋಡಿದ್ದೇನೆ. ಐಸ್ ಒತ್ತಿ, ಲೋಳೆಸರ ಹಚ್ಚಿ ಕಳಿಸುವಷ್ಟರಲ್ಲಿ ನಮಗೆ ಬೆವರು ಇಳಿದಿತ್ತು.

ಅದಕ್ಕೆ ಮೇ ಆಂಟಿ ಒಂದು ಉಪಾಯ ಮಾಡಿದ್ದರು. ಗಿರಾಕಿ ಕೂತ ಕೂಡಲೇ ಗಲ್ಲಾದಿಂದ ಅವರು "ಗೇಯ್ ದಾಯ್?" ಎಂದು ಕೂಗುತ್ತಿದ್ದರು. ಎಷ್ಟು ದೊಡ್ಡವಳು ಎಂದು ಅರ್ಥ. ನಾನು ಕುತ್ತಿಗೆ, ಕೈಯ ಹಿಂಭಾಗ, ಕಿವಿಯ ಪಕ್ಕ ನೋಡಿ ಅಂದಾಜು ಮಾಡಿ ಕ್ಯಾಂಟನೀಸಿನಲ್ಲೇ ಅಂಕಿ ಹೇಳಬೇಕು. ನಲವತ್ತಕ್ಕೆ ಸೇ ಸಪ್, ಅರವತ್ತಕ್ಕೆ ಲುಕ್ ಸಪ್. ಗಿರಾಕಿಗೆ ಅದು ಯಾವುದೋ ಕ್ರೀಮಿನ ಹೆಸರಿನ ಹಾಗೆ ಕೇಳಿಸುತ್ತಿತ್ತು.

ಆ ಭಾಷೆಯಲ್ಲಿ ಅಕ್ಷರಕ್ಕಿಂತ ರಾಗ ಮುಖ್ಯ. ಮೊದಮೊದಲು ನಾನು ದೂರದಿಂದ ಕೂಗುವಾಗ 'ಸೇ'ಯನ್ನು ಮೇಲಕ್ಕೆ ಎಳೆಯುತ್ತಿದ್ದೆ. ಹಾಗೆ ಎಳೆದರೆ ಅದು ನಾಲ್ಕಲ್ಲ, ಸಾವು! ಪ್ರತಿ ಸಲವೂ ಪೊಪೊ ಬೆಚ್ಚಿ "ಚೋಯ್!" ಎಂದು ಅಪಶಕುನ ಓಡಿಸುತ್ತಿದ್ದರು. ನನಗೆ ಅವರು ಸೀನುತ್ತಿದ್ದಾರೆ ಎನಿಸುತ್ತಿತ್ತು. ಹೀಗೇ ತಿಂಗಳುಗಟ್ಟಲೆ ನಡೆಯಿತು. ಒಂದು ದಿನ ಮೇ ಆಂಟಿ ನಗು ತಡೆಯಲಾರದೆ ಹೇಳಿದರು: "ಸುವರ್ಣಾ, ನೀನು ದಿನಾ ನಮ್ಮ ಗಿರಾಕಿಗಳನ್ನ ಸಾಯಿಸ್ತಾ ಇದೀಯ."

ಒಂದು ಮಧ್ಯಾಹ್ನ ಕಾಂತಾಬೆನ್ ಎನ್ನುವವರು ಬಂದರು. ಮುತ್ತಿನ ವ್ಯಾಪಾರಿಯ ಹೆಂಡತಿ. ಕಿವಿಯಲ್ಲಿ ಬಟಾಣಿ ಗಾತ್ರದ ಮುತ್ತು, ತಲೆ ಪೂರ್ತಿ ಬೆಳ್ಳಗೆ. ಮೇ ಆಂಟಿ ಎಂದಿನಂತೆ "ಗೇಯ್ ದಾಯ್?" ಅಂದರು. ನಾನು "ಲುಕ್ ಸಪ್" ಅಂದೆ. ಸಾಲದ್ದಕ್ಕೆ ಮೇ ಆಂಟಿ 'ಮುದುಕಿಗೆ ಕಂದು ಬಣ್ಣ ಸಾಕು' ಎಂಬ ಅರ್ಥದಲ್ಲಿ ಇನ್ನೊಂದು ಮಾತು ಸೇರಿಸಿದರು.

ಕಾಂತಾಬೆನ್ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಬಹಳ ನಿಧಾನಕ್ಕೆ, ಶುದ್ಧ ಕ್ಯಾಂಟನೀಸಿನಲ್ಲಿ ಏನೋ ಹೇಳಿದರು. ಮೇ ಆಂಟಿಯ ಕೈಯಿಂದ ಬಾಚಣಿಕೆ ಜಾರಿತು. ಬೆತ್ತದ ಕುರ್ಚಿಯಲ್ಲಿದ್ದ ಪೊಪೊ ಚಪ್ಪಾಳೆ ತಟ್ಟಿ ನಗತೊಡಗಿದರು. ನನಗೊಬ್ಬಳಿಗೆ ಅರ್ಥವಾಗಲಿಲ್ಲ. ಕಾಂತಾಬೆನ್ ನನಗಾಗಿ ಹಿಂದಿಯಲ್ಲಿ ಮತ್ತೆ ಹೇಳಿದರು: "ನಾನು ಮುದುಕಿ ಹೌದು, ಕಿವುಡಿ ಅಲ್ಲ ಅಂದೆ."

ಗಂಡನ ವ್ಯಾಪಾರಕ್ಕಾಗಿ ಅವರು ಇಪ್ಪತ್ತು ವರ್ಷ ಹಾಂಗ್‌ಕಾಂಗಿನಲ್ಲಿ ಮನೆ ಮಾಡಿದ್ದವರು. ಮೀನು ಮಾರುಕಟ್ಟೆಯ ಹೊರಗೆ ನಿಂತು ಸೊಪ್ಪಿಗೆ ಚೌಕಾಸಿ ಮಾಡುತ್ತ ಆ ಭಾಷೆ ಕಲಿತಿದ್ದರು. ಮೇ ಆಂಟಿ ಕೈ ಮುಗಿದರು. ಕಾಂತಾಬೆನ್ ಸಿಟ್ಟಾಗಲಿಲ್ಲ. "ಕೇಳಿದ್ದು ತಪ್ಪಲ್ಲ, ಕೇಳಿದ ರೀತಿ ತಪ್ಪು" ಅಂದರು. ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತ ಕೂತಷ್ಟು ಹೊತ್ತೂ ನನಗೆ ಪಾಠ ಮಾಡಿದರು.

"ಮಕ್ಕಳಿಗೆ 'ಗೇಯ್ ದೋ ಸೋಯ್' ಅನ್ನಬೇಕು. ಎಷ್ಟು ವರ್ಷ ನಿಂಗೆ ಪುಟ್ಟ, ಅಂದ ಹಾಗೆ. ನಿನ್ನ ಓರಗೆಯವಳಿಗೆ, ಸಲಿಗೆ ಇದ್ದರೆ, 'ಗೇಯ್ ದಾಯ್' ಅನ್ನಬಹುದು. ನನ್ನಂಥ ಪರಿಚಯ ಇಲ್ಲದವಳಿಗೆ 'ಗ್ವಾಯ್ ಗಾಂಗ್' ಅನ್ನಬೇಕು. ನಿಮ್ಮ ಬೆಲೆಬಾಳುವ ವಯಸ್ಸೆಷ್ಟು ಅಂತ. ಇನ್ನು ಆ ಅಜ್ಜಿ ಇದಾರಲ್ಲ, ಅವರಿಗೆ 'ಗೋ ಸಾವ್' ಅನ್ನಬೇಕು. ಅಷ್ಟು ಎತ್ತರದ ಆಯುಷ್ಯ ಎಷ್ಟಕ್ಕೆ ಬಂತು ಅಂತ ಕೇಳಿದ ಹಾಗೆ."

"ಇಷ್ಟೆಲ್ಲ ನೆನಪಿಡೋಕೆ ಆಗದಿದ್ದರೆ?" ಎಂದೆ, ಹಿಂದಿಯಲ್ಲಿ.

"ಆಗದಿದ್ದರೆ ವಯಸ್ಸನ್ನೇ ಕೇಳಬೇಡ. ನಿಮ್ಮದು ಯಾವ ಪ್ರಾಣಿ ಅಂತ ಕೇಳು." ಚೀನೀಯರಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಪ್ರಾಣಿಯಂತೆ: ಇಲಿ, ಎತ್ತು, ಹುಲಿ, ಹೀಗೆ ಹನ್ನೆರಡು. ಹನ್ನೆರಡು ವರ್ಷಕ್ಕೊಮ್ಮೆ ಅದೇ ಪ್ರಾಣಿ ತಿರುಗಿ ಬರುತ್ತದೆ. "ನಾನು ಕುದುರೆ ಅಂತ ಹೇಳಿದರೆ, ಯಾವ ಸುತ್ತಿನ ಕುದುರೆ ಅನ್ನೋದು ನನ್ನ ಮುಖ ನೋಡಿದರೆ ಗೊತ್ತಾಗಲ್ವಾ? ನಾನು ವಯಸ್ಸು ಹೇಳಿದ ಹಾಗೂ ಆಗಲಿಲ್ಲ, ನಿನ್ನ ಕೆಲಸವೂ ಆಯಿತು."

ಆ ದಿನದಿಂದ ಮೇ ಆಂಟಿ ಗಲ್ಲಾದಿಂದ ಕೂಗುವುದನ್ನು ಬಿಟ್ಟರು. ಎದ್ದು ಬಂದು ಪಕ್ಕದಲ್ಲಿ ನಿಂತು, ಮೆಲ್ಲಗೆ, ಸರಿಯಾದ ಮಾತಿನಲ್ಲೇ ನನ್ನನ್ನು ಕೇಳುತ್ತಿದ್ದರು. ಇನ್ನೊಂದು ನಿಯಮವನ್ನೂ ಹಾಕಿದರು: ಗಿರಾಕಿಯ ವಯಸ್ಸು ನಮ್ಮ ಬಾಗಿಲು ದಾಟಿ ಹೊರಗೆ ಹೋಗಕೂಡದು.

ನಾನು ಮಾರನೇ ದಿನವೇ ಪೊಪೊ ಎದುರು ನಿಂತು "ಗೋ ಸಾವ್?" ಎಂದೆ. ಅವರ ಮುಖ ಅರಳಿತು. ಬೆರಳು ಮಡಚಿ ಎಂಬತ್ತೆರಡು ಎಂದು ತೋರಿಸಿದರು. "ಸುಳ್ಳು, ಎಂಬತ್ತು" ಎಂದು ಒಳಗಿನಿಂದ ಮೇ ಆಂಟಿ ಕೂಗಿದರು. ತಾಯಿ ಹೊಟ್ಟೆಯಲ್ಲಿದ್ದ ಕಾಲವನ್ನೂ ಪೊಪೊ ಒಂದು ವರ್ಷವೆಂದು ಹಿಡಿಯುತ್ತಿದ್ದರು. ಹೊಸ ವರ್ಷದ ಹಬ್ಬ ಬಂದರೆ ಹುಟ್ಟಿದ ದಿನಕ್ಕೆ ಕಾಯದೆ ಇನ್ನೊಂದು ಸೇರಿಸುತ್ತಿದ್ದರು. ಕನ್ನಡಿಯ ಮುಂದೆ ಕೂತ ನಮ್ಮ ಗಿರಾಕಿಗಳು ಹತ್ತು ವರ್ಷ ಕಳೆಯುತ್ತಿದ್ದರೆ, ಅವರ ಬೆನ್ನ ಹಿಂದೆಯೇ ಪೊಪೊ ಎರಡು ಕೂಡಿಸುತ್ತ ಕೂತಿರುತ್ತಿದ್ದರು. ಪೊಪೊ ತೀರಿಕೊಂಡಾಗ ಮೇ ಆಂಟಿ ಸಮಾಧಿಯ ಕಲ್ಲಿನಲ್ಲಿ ಇನ್ನೂ ಮೂರು ವರ್ಷ ಕೂಡಿಸಿ ಬರೆಸಿದರು. ಅದು ಅವರ ಪದ್ಧತಿ. ಆಕಾಶಕ್ಕೆ ಒಂದು, ಭೂಮಿಗೆ ಒಂದು, ಮನುಷ್ಯರಿಗೆ ಒಂದು. "ಈಗ ಅಮ್ಮನಿಗೆ ಖುಷಿಯಾಗಿರುತ್ತೆ" ಎಂದು ಹೇಳಿ ಅತ್ತರು.

ಪ್ರಾಣಿಯ ಉಪಾಯ ನಮ್ಮ ಗಿರಾಕಿಗಳಿಗೆ ನಡೆಯುವಂತಿರಲಿಲ್ಲ. ತೆಲುಗು ಮನೆಯ ಹೆಂಗಸನ್ನು ಹಿಡಿದು ನೀವು ಹುಲಿಯೋ ಹಂದಿಯೋ ಎಂದು ಕೇಳಿದರೆ ಕಾಲಿನದು ಕೈಗೆ ಬರುತ್ತದೆ. ಹಾಗಾಗಿ ನಾನು ನನ್ನದೇ ಪ್ರಶ್ನೆ ಮಾಡಿಕೊಂಡೆ. ತೆಲುಗಿನಲ್ಲೋ ಹಿಂದಿಯಲ್ಲೋ, ನಮ್ಮ ಕಡೆಯವರಾದರೆ ಕನ್ನಡದಲ್ಲೋ, "ದೊಡ್ಡ ಮಗ ಎಷ್ಟನೇ ಕ್ಲಾಸ್ರಿ?" ಎಂದು ಶುರು ಮಾಡುತ್ತಿದ್ದೆ. ಮಗ ಇಂಜಿನಿಯರಿಂಗ್ ಅಂದರೆ ತಾಯಿಗೆ ನಲವತ್ತೈದು. ಲೆಕ್ಕ ತಪ್ಪುತ್ತಿರಲಿಲ್ಲ.

ತಪ್ಪಿದ್ದು ಬೇಗಂಪೇಟೆಯ ಆಫೀಸಿನಿಂದ ಬಂದ ಒಬ್ಬ ಅಧಿಕಾರಿಯ ವಿಷಯದಲ್ಲಿ. ಹತ್ತಿ ಸೀರೆ, ಕನ್ನಡಕ, ನೆಟ್ಟಗೆ ಕೂರುವ ಹೆಂಗಸು. ಮಕ್ಕಳು ಎಷ್ಟು ದೊಡ್ಡವರು ಎಂದು ಕೇಳಿದೆ. ಇಲ್ಲ ಅಂದರು. ನಾನು ಸುಮ್ಮನಿರಬೇಕಿತ್ತು. ಬದಲಿಗೆ, ಮದುವೆಯಾಗಿ ಎಷ್ಟು ದಿನವಾಯಿತು ಎಂದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನಿಮಗೆ ಬೇಕಾದ್ದು ನನ್ನ ವಯಸ್ಸು ತಾನೇ? ನಲವತ್ತಮೂರು. ಮುಂದಿನ ಸಲ ನೇರವಾಗಿ ಕೇಳಿ. ಅದನ್ನು ಹೇಳುವುದು ನನಗೆ ಕಷ್ಟವಲ್ಲ. ಈ ಉಳಿದವಕ್ಕೆಲ್ಲ ಉತ್ತರ ಕೊಡುವುದೇ ಕಷ್ಟ."

ಅವರು ಆಮೇಲೂ ಬರುತ್ತಿದ್ದರು, ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ನಾನು ಮಾತ್ರ ಮಕ್ಕಳ ಪ್ರಶ್ನೆ, ಮದುವೆಯ ಪ್ರಶ್ನೆ ಎರಡನ್ನೂ ಅಂದೇ ಬಿಟ್ಟೆ. ಕಾಂತಾಬೆನ್ ಹೇಳಿದ ಪ್ರಾಣಿಯ ಪ್ರಶ್ನೆ ಯಾಕೆ ಅಷ್ಟು ಚೆನ್ನ ಎಂದು ಆಗ ಹೊಳೆಯಿತು. ಮಗು ಇಲ್ಲದವರಿಗೂ ಗಂಡ ಇಲ್ಲದವರಿಗೂ ಹುಟ್ಟಿದ ವರ್ಷ ಇದ್ದೇ ಇರುತ್ತದೆ. ಎಲ್ಲರಿಗೂ ಇರುವಂಥದ್ದನ್ನೇ ಕೇಳಬೇಕು. ಶಾಲೆಗೆ ಹೋದವರಾದರೆ, ಊರಿಗೆಲ್ಲ ನೆನಪಿರುವ ಯಾವುದಾದರೂ ಸಂಗತಿ ಹೇಳಿ, ಆಗ ನೀವು ಯಾವ ಕ್ಲಾಸಿನಲ್ಲಿದ್ದಿರಿ ಎನ್ನುತ್ತಿದ್ದೆ. ಜನ ಖುಷಿಯಿಂದ ಕಥೆಯನ್ನೇ ಹೇಳುತ್ತಿದ್ದರು. ನಾನು ಕಥೆಯೂ ಕೇಳಿ, ಬ್ಲೀಚನ್ನೂ ಹದವಾಗಿ ಕಲಸುತ್ತಿದ್ದೆ.

ಕಾಲ ಬದಲಾಯಿತು. ಪುಡಿ ಬಣ್ಣ ಹೋಗಿ ಟ್ಯೂಬು ಬಂತು. ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಕಾದು ನೋಡಿ ಆಮೇಲೆ ಮುಖಕ್ಕೆ ಹೋಗುವ ಪದ್ಧತಿ ಬಂತು. ಒಳ್ಳೆಯ ಪದ್ಧತಿ ಅದು, ನಮ್ಮ ಕಾಲದಲ್ಲೇ ಇದ್ದಿದ್ದರೆ ಎಷ್ಟೋ ಕೆನ್ನೆಗಳು ಉಳಿಯುತ್ತಿದ್ದವು. ಈಗ ಬಾಗಿಲಲ್ಲೇ ಒಂದು ಕಂಪ್ಯೂಟರಿನ ಪರದೆ ಇಟ್ಟು ಹುಟ್ಟಿದ ದಿನ ಒತ್ತಿ ಎನ್ನುತ್ತಾರೆ. ಹುಟ್ಟುಹಬ್ಬಕ್ಕೆ ರಿಯಾಯಿತಿ ಸಿಗುತ್ತದೆಂದು ಎಲ್ಲರೂ ದಿನ, ತಿಂಗಳು ಒತ್ತುತ್ತಾರೆ. ವರ್ಷದ ಜಾಗ ಮಾತ್ರ ಖಾಲಿ. ಆದ್ದರಿಂದ ಬಾಯಿಬಿಟ್ಟು ಕೇಳುವ ಕೆಲಸ ಇನ್ನೂ ಹೊಸಬರಾದ ನಿಮ್ಮ ಪಾಲಿಗೇ ಉಳಿದಿದೆ.

ಇಷ್ಟು ಹೇಳಿದ್ದು ಭಾಗ್ಯಶ್ರೀಯ ವಿಷಯಕ್ಕೆ ಬರುವುದಕ್ಕಾಗಿ. ಲಾಕ್‌ಡೌನ್ ಮುಗಿದು ಕೆಲವು ವರ್ಷಗಳಾಗಿದ್ದವು. ಬಡತಾಯಿಯೊಬ್ಬರು, ಜರಿ ಸೀರೆ ಉಟ್ಟ ಇನ್ನೊಬ್ಬ ಹೆಂಗಸು, ಇಬ್ಬರ ನಡುವೆ ಈ ಭಾಗ್ಯಶ್ರೀ ಎಂಬ ಹುಡುಗಿ, ಹೀಗೆ ಮೂವರು ಒಂದು ಮುಂಜಾನೆ ಮೆಟ್ಟಿಲು ಹತ್ತಿ ಬಂದರು. ಮಾರನೇ ದಿನ ಹುಡುಗಿಯ ಮದುವೆ. ಫೇಶಿಯಲ್, ಹುಬ್ಬು, ಕೈಕಾಲು ಎಲ್ಲ ಆಗಬೇಕು. ಜರಿ ಸೀರೆಯವಳು ಮದುಮಗನ ಅಕ್ಕ. ಅವಳೇ ಹಿಂದಿಯಲ್ಲಿ ಮಾತಾಡಿದಳು.

"ಹುಡುಗಿಗೆ ಹದಿನೆಂಟು ತುಂಬಿದೆ ಮೇಡಮ್. ಬೇಕಾದರೆ ಆಧಾರ್ ತೋರಿಸ್ತೀವಿ."

ನಾನು ಕೇಳಿಯೇ ಇರಲಿಲ್ಲ. ಅಷ್ಟು ವರ್ಷದ ಕೆಲಸದಲ್ಲಿ, ಕೇಳುವ ಮೊದಲೇ ವಯಸ್ಸು ಹೇಳಿದವರನ್ನು ನಾನು ಅಂದೇ ಮೊದಲು ನೋಡಿದ್ದು.

ಹುಡುಗಿಯನ್ನು ಒಳಗಿನ ಕುರ್ಚಿಯಲ್ಲಿ ಒರಗಿಸಿದೆ. ಹುಬ್ಬಿಗೆ ದಾರ ಹಾಕಿದಾಗ "ಅವ್ವಾ!" ಎಂದು ನನ್ನ ಕೈ ಹಿಡಿದುಕೊಂಡಳು. ಅವ್ವ ಅಂದದ್ದು ಕೇಳಿ ನಾನು ಕನ್ನಡಕ್ಕೆ ತಿರುಗಿದೆ. ಯಾವ ಊರು ಅಂದೆ. ಯಾದಗಿರಿ ಕಡೆ ಅಂದಳು. ಅಪ್ಪ ಅವ್ವ ಇಬ್ಬರೂ ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು.

"ಲಾಕ್‌ಡೌನ್ ಆದಾಗ ನೀ ಎಲ್ಲಿದ್ದಿ?" ಎಂದೆ.

"ಇಲ್ಲೇ ಇದ್ದಿವ್ರಿ ಅಕ್ಕಾರ. ಬಸ್ ಇರಲಿಲ್ಲ, ನಡಕೋತ ಹೋದಿವಿ. ನನ್ನ ಚಪ್ಪಲಿ ಹರದುವು. ಅಪ್ಪ ಟಾವೆಲ್ ಕಟ್ಟಿದ ಕಾಲಿಗೆ."

"ಆಗ ಯಾವ ಕ್ಲಾಸಿನ್ಯಾಗ ಇದ್ದಿ?"

"ಆರನೇದು. ಪರೀಕ್ಷಿ ಬರದೇ ಇಲ್ಲ, ಪಾಸ್ ಮಾಡ್ಬಿಟ್ರು!" ಎಂದು ನಕ್ಕಳು. ನಗುವಾಗ ಇನ್ನೂ ಚಿಕ್ಕವಳಾಗಿ ಕಂಡಳು.

"ಸಾಲಿಗೆ ತಡ ಮಾಡಿ ಹಾಕಿದ್ರೇನು ನಿನ್ನ?"

"ಇಲ್ಲರಿ. ಎಲ್ಲಾರಗಿಂತ ನಾನ ಸಣ್ಣಾಕಿ ಇದ್ದೆ."

ಮನಸ್ಸಿನಲ್ಲೇ ಎಣಿಸಿದೆ. ಹದಿನೈದು. ಅವಳ ಮುಖಕ್ಕೆ ತಣ್ಣನೆಯ ಹತ್ತಿ ಇಟ್ಟು ಹೊರಗೆ ಬಂದೆ. ಮೇ ಆಂಟಿ ಗಲ್ಲಾ ಬಿಟ್ಟು ನನ್ನ ಬಳಿ ಬಂದರು. ಅವರೂ ನೋಡಿದ್ದರು. "ಗೇಯ್ ದೋ ಸೋಯ್?" ಎಂದು ಮೆಲ್ಲಗೆ ಕೇಳಿದರು. ಮಕ್ಕಳಿಗೆ ಬಳಸುವ ಮಾತು. ನಾನು ಅಂಕಿ ಹೇಳಿದೆ.

ಗಿರಾಕಿಯ ವಯಸ್ಸು ಬಾಗಿಲು ದಾಟಬಾರದು ಎಂದವರು ಅವರೇ. ಏನು ಹೇಳುತ್ತಾರೋ ಎಂದು ನಾನು ಕಾದೆ. ಅವರು ನೇರವಾಗಿ ಮದುಮಗನ ಅಕ್ಕನ ಬಳಿ ಹೋಗಿ, ಬಾಯ್ತುಂಬ ನಗುತ್ತ, "ಮದುವೆ ಮನೆಯವರಿಗೆ ನಮ್ಮ ಕಡೆಯಿಂದ ಒಂದು ಫೇಸ್‌ಪ್ಯಾಕ್ ಫ್ರೀ" ಅಂದರು. ಅವಳು ಬೇಡ ಬೇಡ ಎನ್ನುತ್ತಲೇ ಕೂತಳು. ಮೇ ಆಂಟಿ ಮುಖಕ್ಕೆ ದಪ್ಪಗೆ ಮಣ್ಣು ಮೆತ್ತಿ, ಕಣ್ಣಿಗೆ ಸೌತೆಕಾಯಿ ಇಟ್ಟು, "ಮಾತಾಡಬಾರದು, ಸುಕ್ಕು ಬೀಳುತ್ತೆ" ಎಂದರು. ಆಮೇಲೆ ನನ್ನ ಕಡೆ ನೋಡಿ ತಾಯಿ ಕೂತಿದ್ದ ಬೆಂಚಿನತ್ತ ಗದ್ದ ತಿರುಗಿಸಿದರು.

ತಾಯಿಯ ಹೆಸರು ಹಣಮವ್ವ. ಕೈಬೆರಳ ಸಂದಿಯಲ್ಲಿ ಸಿಮೆಂಟು ಕಚ್ಚಿ ಬಿರುಕು ಬಿಟ್ಟಿತ್ತು. ನಾನು ಪಕ್ಕದಲ್ಲಿ ಕೂತೆ. ಎಂದೋ ಬಿಟ್ಟಿದ್ದ ಪ್ರಶ್ನೆಗಳೇ ಬಾಯಿಗೆ ಬಂದವು.

"ಚೊಚ್ಚಲ ಮಗಳೇನ್ರಿ?"

"ಹೌದ್ರಿ."

"ನಿಮ್ಮ ಮದುವಿ ಎಷ್ಟ ವಯಸ್ಸಿಗೆ ಆಗಿತ್ರಿ?"

ಅವರು ನನ್ನನ್ನೇ ನೋಡಿದರು. "ನಂದು ಹದಿಮೂರಕ್ಕ ಆತು. ಆದ್ರ ನೀವು ಕೇಳಾಕತ್ತಿದ್ದು ಅದಲ್ಲ. ನನಗ ತಿಳೀತೈತಿ. ಸೀದಾ ಕೇಳ್ರಿ."

ನನ್ನ ಜಾಣತನವೆಲ್ಲ ಅಲ್ಲಿಗೆ ನಿಂತಿತು. ಸೀದಾ ಕೇಳಿದೆ. "ಹುಡುಗಿಗೆ ಎಷ್ಟ್ರಿ?"

"ಯುಗಾದಿಗೆ ಹದಿನೈದು ತುಂಬಿತು."

"ಮತ್ತ ಯಾಕ್ರಿ ಅವ್ವಾರ?"

"ಯಾಕ ಅಂತ ಕೇಳ್ತೀರಿ." ಅವರು ದನಿ ಎತ್ತಲಿಲ್ಲ. "ನಾವು ಇರೂದು ತಗಡಿನ ಶೆಡ್ಡಿನ್ಯಾಗ. ಬಾಗಲ ಅಂದ್ರ ಒಂದು ತಗಡ, ಅದಕ್ಕೊಂದು ತಂತಿ. ನಾನು, ಅವ್ರು ಇಬ್ಬರೂ ಮ್ಯಾಲ ಕೆಲಸಕ್ಕ ಹೋಗ್ತೀವಿ. ಕೆಳಗ ಈಕಿ ಒಬ್ಬಾಕಿ. ಹಿಂದಿನ ತಿಂಗಳ ಯಾವನೋ ಆ ತಗಡ ಜಗ್ಗಿದ. ಒದರಿದ್ಲು, ಓಡಿ ಹೋದ. ನಾಳಿ ಓಡಲಿಕ್ಕಿಲ್ಲ. ಮದುವಿ ಮಾಡಿದ್ರ ಗಟ್ಟಿ ಬಾಗಲ ಇರೂ ಮನಿಗೆ ಹೋಗ್ತಾಳ. ನೀವಾಗಿದ್ರ ಏನ್ ಮಾಡ್ತಿದ್ರಿ?"

ನನಗೂ ಮಗಳಿದ್ದಾಳೆ. ಹದಿನೈದರಲ್ಲಿ ಅವಳು ಪರೀಕ್ಷೆಯ ಹೆದರಿಕೆಗೆ ಅಳುತ್ತಿದ್ದಳೇ ಹೊರತು ತಗಡಿನ ಹೆದರಿಕೆಗಲ್ಲ. ನಾನಾಗಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅದನ್ನೇ ಹೇಳಿದೆ. "ನನಗ ಗೊತ್ತಿಲ್ಲರಿ. ಆದ್ರ ಈಗ ನಾನು ಮಕ್ಕಳ ಸಹಾಯವಾಣಿಗೆ ಫೋನ್ ಮಾಡ್ತೀನ್ರಿ. ನಿಮಗ ಹೇಳದ ಮಾಡಬಾರದು ಅಂತ ಹೇಳಾಕತ್ತೀನಿ. ಅವರು ಹಾಸ್ಟೆಲ್ ಕೊಡ್ತಾರ. ಅಲ್ಲಿ ಗಟ್ಟಿ ಬಾಗಲ ಇರ್ತೈತಿ."

ಅವರು ನನ್ನ ಮುಂಗೈ ಹಿಡಿದರು. ಬಿಡಿಸಿಕೊಳ್ಳಲು ಆಗದಷ್ಟು ಗಟ್ಟಿ ಹಿಡಿತ. "ಬ್ಯಾಡ್ರಿ. ಮಂದಿ ಮುಂದ ನಮ್ಮ ಮಾನ ಕಳೀಬ್ಯಾಡ್ರಿ. ಊಟಕ್ಕ ಎಲ್ಲಾ ಸಾಮಾನ ಬಂದೈತಿ." ನಾನು ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಫೋನ್ ತೆಗೆದು ಅವರ ಎದುರೇ ಮಾತಾಡಿದೆ. ಮಾತು ಮುಗಿಯುವ ಹೊತ್ತಿಗೆ ಅವರ ಹಿಡಿತ ಸಡಿಲವಾಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತರು.

ಸಹಾಯವಾಣಿಯ ಇಬ್ಬರು ಹೆಂಗಸರು, ಒಬ್ಬ ಮಹಿಳಾ ಕಾನ್ಸ್‌ಟೇಬಲ್ ಬಂದರು. ಬರುವವರೆಗೂ ಮೇ ಆಂಟಿ ಒಣಗಿದ ಮಣ್ಣಿಗೆ ನೀರು ಚಿಮುಕಿಸಿ ಚಿಮುಕಿಸಿ, ಮತ್ತೆ ಒಣಗಬೇಕು ಎನ್ನುತ್ತಿದ್ದರು. ಹೊಸ ದನಿ ಕೇಳಿ ಮದುಮಗನ ಅಕ್ಕ ಸೌತೆಕಾಯಿ ಕಿತ್ತು ಎದ್ದಳು. ಬೂದು ಬಣ್ಣದ ಮುಖದಲ್ಲಿ ಬಿರುಕು ಬಿಡುವಂತೆ ಕಿರುಚಾಡಿದಳು. ಆಧಾರ್ ತೋರಿಸಿದಳು. ಬಂದವರಲ್ಲಿ ಹಿರಿಯಳಾದ ಹೆಂಗಸು ಅದನ್ನು ಓದುವ ಗೋಜಿಗೆ ಹೋಗದೆ ಹುಡುಗಿಯ ಪಕ್ಕ ನೆಲದ ಮೇಲೆ ಕೂತು, "ನಿನಗೆ ಏನು ಬೇಕು, ಹೇಳು" ಎಂದು ಕೇಳಿದಳು. ತೆಲುಗಿನ ಪ್ರಶ್ನೆಯನ್ನು ನಾನು ಕನ್ನಡಕ್ಕೆ ತಿರುಗಿಸಿದೆ. ಭಾಗ್ಯಶ್ರೀ ಅವ್ವನ ಬೆನ್ನು ನೋಡಿದಳು. ಆಮೇಲೆ, "ಏಳನೇದರ ಪರೀಕ್ಷಿನೂ ನಾ ಬರದಿಲ್ಲರಿ" ಅಂದಳು. ಅದೇ ಅವಳ ಉತ್ತರ.

ಮದುವೆ ನಿಂತಿತು. ಒಂದು ಹುಬ್ಬು ಮಾತ್ರ ತಿದ್ದಿದ್ದ ಹುಡುಗಿಯನ್ನು ಕರೆದುಕೊಂಡು ಹೋದರು. ಇನ್ನೊಂದನ್ನೂ ಮುಗಿಸಿ ಕಳಿಸುತ್ತೇನೆ ಎಂದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಹಣಮವ್ವ ಮೆಟ್ಟಿಲ ಬಳಿ ತಿರುಗಿ, "ನಿನ್ನ ಕೈ ಬಿದ್ದ ಹೋಗ್ಲಿ" ಎಂದರು. ಅಷ್ಟು ವರ್ಷದಲ್ಲಿ ಗಿರಾಕಿಗಳಿಂದ ಬೈಗುಳ ತಿಂದದ್ದು ಬೇಕಾದಷ್ಟಿದೆ. ಇದೊಂದು ಮನೆಯವರೆಗೂ ಬಂತು.

ಮದುಮಗನ ಕಡೆಯವರು ಸುಮ್ಮನಿರಲಿಲ್ಲ. ಈ ಪಾರ್ಲರಿಗೆ ಹೋದರೆ ಪೊಲೀಸರು ಬರುತ್ತಾರೆ ಎಂದು ಸುದ್ದಿ ಹಬ್ಬಿಸಿದರು. ಆ ವರ್ಷ ನಾಲ್ಕಾರು ಮದುವಣಗಿತ್ತಿಯರು ಬೇರೆ ಕಡೆ ಹೋದರು. ಮೇ ಆಂಟಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೇ ಒಮ್ಮೆ, ನಿಮ್ಮ ನಿಯಮ ಮುರಿದೆ ಆಂಟಿ ಎಂದಾಗ, "ಆ ನಿಯಮ ಹೆಂಗಸರಿಗೆ. ಅದು ಮಗು" ಎಂದು ಹೇಳಿ ಟವೆಲ್ ಮಡಚುವುದನ್ನು ಮುಂದುವರಿಸಿದರು. ಹುಡುಗಿಯನ್ನು ಅವರ ಜಿಲ್ಲೆಯ ಸರ್ಕಾರಿ ವಸತಿ ಶಾಲೆಗೆ ಸೇರಿಸಿದರು ಎಂದು ಆಮೇಲೆ ವಿಚಾರಿಸಿದಾಗ ತಿಳಿಯಿತು. ಅದಕ್ಕಿಂತ ಹೆಚ್ಚು ತಿಳಿಯಲಿಲ್ಲ. ಹುಬ್ಬಿನ ಕೆಲಸಕ್ಕೆ ಕಣ್ಣು ಸಾಲದಾದಾಗ, ಯಾರೂ ಹೇಳುವ ಮೊದಲೇ, ನಾನು ಕೆಲಸ ಬಿಟ್ಟೆ.

ಈ ಮಳೆಗಾಲದಲ್ಲಿ ಒಂದು ದಿನ 'ಕೋಠಿ' ಬೋರ್ಡಿನ ಬಸ್ಸು ಹತ್ತಿದೆ. ಹೆಂಗಸರ ಸೀಟಿನಲ್ಲಿ ಹಣಮವ್ವ ಕೂತಿದ್ದರು. ಪಕ್ಕದ ಸೀಟಿನಲ್ಲಿ ಅವರ ಬುತ್ತಿಯ ಚೀಲ. ನನ್ನನ್ನು ನೋಡಿದರು, ಕಿಟಕಿಯ ಕಡೆ ತಿರುಗಿದರು. ನಾನು ಕಂಬಿ ಹಿಡಿದು ನಿಂತೆ. ಸ್ವಲ್ಪ ದೂರ ಹೋದ ಮೇಲೆ ಚೀಲವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

"ಕೂಡ್ರಿ."

ಕೂತೆ.

"ನೀವು ಮಾಡಿದ್ದು ನನಗ ಇನ್ನೂ ಸೇರಿಲ್ಲ."

"ಗೊತ್ತೈತ್ರಿ."

"ಆ ಹುಡುಗ ಕೆಟ್ಟಾವ ಇರಲಿಲ್ಲ."

"ಇರಲಿಕ್ಕಿಲ್ಲರಿ." ನಾನು ತಡೆಯಲಾರದೆ ಕೇಳಿದೆ. "ಆಕಿ ಹ್ಯಾಂಗದಾಳ್ರಿ?"

ಅವರು ಚೀಲದ ಹಿಡಿಕೆಯನ್ನು ಸುತ್ತಿ ಬಿಚ್ಚಿದರು. "ಹತ್ತನೇದು ಓದಾಕತ್ಯಾಳ. ಫೋನಿನ್ಯಾಗ ನನಗ ಬುದ್ಧಿ ಹೇಳ್ತಾಳ. ತಮ್ಮನ್ನ ಸಾಲಿ ಬಿಡಸಬ್ಯಾಡ ಅಂತ ಹೆದರಸ್ತಾಳ." ಹೇಳುತ್ತ ಹೇಳುತ್ತ ಅವರ ದನಿ ಬದಲಾಯಿತು. ಮಗಳ ಮೇಲೆ ದೂರು ಹೇಳುವ ಯಾವ ತಾಯಿಯ ದನಿಯಾದರೂ ಅದಾಗಿರಬಹುದಿತ್ತು. "ಹೇನಾಗ್ಯಾವ ಅಂತ ಹಾಸ್ಟೆಲಿನ್ಯಾಗ ಕೂದಲ ಕತ್ತರಿಸ್ಯಾರ ನೋಡ್ರಿ. ಎಷ್ಟ ಉದ್ದ ಇದ್ದುವು! ಈಗ ಗಂಡಹುಡುಗನಂಗ ಕಾಣ್ತಾಳ. ಬೆಳಿಯಾಕ ಯಾವ ಎಣ್ಣಿ ಹಚ್ಚಬೇಕ್ರಿ ಅಕ್ಕಾರ?"

"ಕೊಬ್ಬರಿ ಎಣ್ಣಿ ಸಾಕ್ರಿ. ವಾರಕ್ಕ ಎರಡು ಸಲ. ಬುಡಕ್ಕ ತಿಕ್ಕಬೇಕು, ತುದಿಗೆ ಬ್ಯಾಡ."

"ಬುಡಕ್ಕ, ತುದಿಗೆ ಬ್ಯಾಡ" ಎಂದು ಅವರು ತಮ್ಮಷ್ಟಕ್ಕೇ ಹೇಳಿಕೊಂಡರು.

ಅವರ ಸ್ಟಾಪು ಬಂತು. ಚೀಲ ಎತ್ತಿಕೊಂಡು ಇಳಿದರು. ಕೆಳಗೆ ನಿಂತು, ಬಸ್ಸು ಹೊರಡುವ ಹೊತ್ತಿಗೆ, "ರಜಾಕ್ಕ ಬಂದಾಗ ಕರಕೊಂಡ ಬರ್ತೀನಿ. ನೀವ ಒಮ್ಮಿ ಆಕಿ ತಲಿ ನೋಡ್ರಿ" ಎಂದರು. ನಾನು ಕಿಟಕಿಯಿಂದ ಕುತ್ತಿಗೆ ಹೊರಹಾಕಿ ನನ್ನ ಮನೆಯ ಗುರುತು ಕೂಗಿ ಹೇಳಿದೆ. ಗದ್ದಲದಲ್ಲಿ ಎಷ್ಟು ಕೇಳಿಸಿತೋ. ಅವರು ಕೈ ಎತ್ತಿದರು.